ಎಡಗಣ್ಣಿಗೆ ಬಂದ ಇಂಗ್ಲಿಷ್ ಪದ

ಈಗ ನನ್ನ ಮುಖ ಬಹುಮಟ್ಟಿಗೆ ನಾನು ಹೇಳಿದಂತೆ ಕೇಳುತ್ತದೆ. ಕಣ್ಣು ಮುಚ್ಚಬೇಕೆಂದಾಗ ಮುಚ್ಚುತ್ತದೆ, ಸುಮ್ಮನಿರಬೇಕೆಂದಾಗ ಸುಮ್ಮನಿರುತ್ತದೆ. ಇದನ್ನೂ ಒಂದು ಸುದ್ದಿಯೆಂದು ಬರೆಯುತ್ತಾನಲ್ಲ ಎಂದು ಓದುವವರಿಗೆ ಅನ್ನಿಸಬಹುದು. ಆದರೆ ಹೆಚ್ಚುಕಡಿಮೆ ಒಂದು ವರ್ಷ ನನ್ನ ಮುಖದ ಅರ್ಧ ಭಾಗ ನನ್ನ ಮಾತು ಕೇಳುತ್ತಿರಲಿಲ್ಲ. ಆ ವರ್ಷದ ಕೊನೆಗೆ ನನಗೆ ಒಂದು ಇಂಗ್ಲಿಷ್ ಪದ ಸಿಕ್ಕಿತು. ಮೊದಲು ಅದು ನನ್ನನ್ನು ಹೆದರಿಸಿತು, ಆಮೇಲೆ ಒಳ್ಳೆಯ ನೆಂಟನ ಹಾಗೆ ಮನೆಯಲ್ಲೇ ಉಳಿದುಕೊಂಡಿತು.

ನಾನು ಚಾಮರಾಜನಗರದ ಒಂದು ಪಿಯು ಕಾಲೇಜಿನಲ್ಲಿ ಕನ್ನಡ ಹೇಳಿಕೊಡುವವನು. ಮನೆ ಗುಂಡ್ಲುಪೇಟೆಯಲ್ಲಿ. ಬೆಳಿಗ್ಗೆ ತೆರಕಣಾಂಬಿಯ ಮೇಲೆ ಹೋಗುವ ಬಸ್ಸು ಹತ್ತಿದರೆ ಸಂಜೆ ಅದೇ ದಾರಿಯಲ್ಲಿ ವಾಪಸು. ಮನೆಯಲ್ಲಿ ನನ್ನ ಹೆಂಡತಿ ಮತ್ತು ನನ್ನ ಅವ್ವ. ಹೆಂಡತಿ ಅಂಗನವಾಡಿಯಲ್ಲಿ ಟೀಚರು. ಅವ್ವ ತನ್ನ ಆಯುಸ್ಸಿನ ಬಹುಭಾಗವನ್ನು ನಮ್ಮ ತಾಲ್ಲೂಕಿನದೇ ಆದ ಮದ್ದೂರಿನ ಕಡೆಯ ಕಾಡಂಚಿನ ಊರಿನಲ್ಲಿ ಕಳೆದವಳು. ಅಪ್ಪ ಅಲ್ಲಿ ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿದ್ದ. ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮ ಜೊತೆಗೆ ಬಂದಳು.

ಅದು ಶುರುವಾದದ್ದು ಬಸ್ಸಿನಲ್ಲಿ. ಕಿಟಕಿ ಪಕ್ಕ ಕೂತು ಅರಿಸಿನದ ಹೊಲಗಳನ್ನು ನೋಡುತ್ತಿದ್ದಾಗ ಎಡಗಣ್ಣಿನ ಕೆಳರೆಪ್ಪೆ ಪಟಪಟನೆ ಅದುರಿತು. ಬೆರಳಿನಿಂದ ಒತ್ತಿ ಹಿಡಿದೆ. ನಿಂತಿತು. ಬೆರಳು ತೆಗೆದೊಡನೆ ಮತ್ತೆ ಅದುರಿತು. ನಿದ್ದೆ ಕಡಿಮೆಯಾಗಿರಬೇಕು, ಪರೀಕ್ಷೆಯ ಪತ್ರಿಕೆಗಳನ್ನು ನೋಡಿದ್ದು ಹೆಚ್ಚಾಗಿರಬೇಕು ಎಂದುಕೊಂಡೆ. ಆ ವಾರವಿಡೀ ಅದು ಬಂದು ಹೋಗಿ ಮಾಡಿತು.

ಅವ್ವನಿಗೆ ಹೇಳಿದ್ದೇ ತಪ್ಪಾಯಿತು. ಗಂಡಸರಿಗೆ ಬಲಗಣ್ಣು ಅದುರಿದರೆ ಒಳ್ಳೆಯದು, ಎಡಗಣ್ಣು ಅದುರಿದರೆ ಕೇಡು ಎನ್ನುವುದು ನಮ್ಮ ಕಡೆಯ ನಂಬಿಕೆ. ಅವಳು ಒಂದು ಸಣ್ಣ ಹುಲ್ಲಿನ ಚೂರನ್ನು ಎಂಜಲಿನಲ್ಲಿ ಒದ್ದೆ ಮಾಡಿ ನನ್ನ ರೆಪ್ಪೆಗೆ ಅಂಟಿಸಿದಳು. ಚಿಕ್ಕಂದಿನಲ್ಲೂ ಕಣ್ಣು ಅದುರಿದರೆ ಹೀಗೇ ಮಾಡುತ್ತಿದ್ದಳು. ಆಗೆಲ್ಲ ನಗುತ್ತ ಮಾಡುತ್ತಿದ್ದವಳ ಕೈ ಈ ಸಲ ನಡುಗುತ್ತಿತ್ತು. ವಯಸ್ಸಾಯಿತಲ್ಲ, ಅದಕ್ಕೆ ನಡುಗುತ್ತಿದೆ ಎಂದು ನಾನು ಅರ್ಥ ಮಾಡಿಕೊಂಡೆ. ಹುಲ್ಲಿನ ಚೂರು ಅಂಟಿಸಿಕೊಂಡೇ ಕಾಫಿ ಕುಡಿದೆ. ಹೆಂಡತಿ ನೋಡಿ, ಇದೇ ಅಲಂಕಾರದಲ್ಲಿ ಕಾಲೇಜಿಗೂ ಹೋಗಿಬಿಡಿ ಎಂದು ತಮಾಷೆ ಮಾಡಿದಳು.

ಕಣ್ಣಿನ ಡಾಕ್ಟರು ಹನಿ ಬರೆದುಕೊಟ್ಟರು, ಮೊಬೈಲು ಕಡಿಮೆ ನೋಡಿ ಎಂದರು. ಎರಡನ್ನೂ ಪಾಲಿಸಿದೆ. ಆದರೆ ಮಳೆಗಾಲ ಬರುವ ಹೊತ್ತಿಗೆ ಅದುರುವುದು ಕೆಳರೆಪ್ಪೆಯಿಂದ ಮೇಲಿನ ರೆಪ್ಪೆಗೆ ಏರಿ, ಅಲ್ಲಿಂದ ಕೆನ್ನೆಗೂ ಇಳಿಯಿತು. ಈಗ ಅದು ಬರೀ ಅದುರುವಿಕೆಯಾಗಿರಲಿಲ್ಲ. ಕಣ್ಣು ಒಮ್ಮೆಗೇ ಮುಚ್ಚಿಕೊಳ್ಳುತ್ತಿತ್ತು, ಕೆನ್ನೆ ಮೇಲಕ್ಕೆ ಎಳೆದುಕೊಳ್ಳುತ್ತಿತ್ತು, ತುಟಿಯ ಎಡತುದಿ ಅದರ ಜೊತೆಗೆ ಹೋಗುತ್ತಿತ್ತು. ನೋವು ಎಂಬುದು ಇಲ್ಲವೇ ಇಲ್ಲ. ನೋಡುವವರಿಗೆ ಮಾತ್ರ ನಾನು ಕಣ್ಣು ಹೊಡೆದು ಮುಗುಳ್ನಕ್ಕ ಹಾಗೆ ಕಾಣುತ್ತಿತ್ತು.

ಮೇಷ್ಟರಾದವನಿಗೆ ಇದಕ್ಕಿಂತ ದೊಡ್ಡ ಪೇಚು ಇನ್ನೊಂದಿಲ್ಲ. ಮಗನನ್ನು ಕಳೆದುಕೊಂಡ ತಾಯಿ ಅಳುವ ಹಳೆಗನ್ನಡದ ಪದ್ಯವೊಂದನ್ನು ಪಾಠ ಮಾಡುತ್ತಿದ್ದೆ. ದನಿ ತಗ್ಗಿಸಿ, ತರಗತಿಯನ್ನೆಲ್ಲ ಮೌನಕ್ಕೆ ತಂದು, ಆ ತಾಯಿ ಹೆಣದ ಪಕ್ಕ ಕುಳಿತಳು ಎನ್ನುವಾಗ ನನ್ನ ಕಣ್ಣು ಮುಚ್ಚಿಕೊಂಡಿತು, ಕೆನ್ನೆ ಎಳೆದುಕೊಂಡಿತು. ಮೊದಲ ಬೆಂಚಿನ ಹುಡುಗಿಯರು ತಲೆ ತಗ್ಗಿಸಿದರು. ಹಿಂದಿನ ಬೆಂಚಿನಲ್ಲಿ ಯಾರೋ ನಗು ತಡೆಯಲಾಗದೆ ಕೆಮ್ಮಿದರು. ಆ ದಿನದಿಂದ ನಾನು ಬೋರ್ಡಿನ ಕಡೆ ತಿರುಗಿ ಬರೆಯುವುದನ್ನು ಹೆಚ್ಚು ಮಾಡಿದೆ. ಬೆಂಚುಗಳ ಬಲಗಡೆಗೆ ಬಂದು ನಿಂತು, ಮುಖದ ಎಡಭಾಗವನ್ನು ಗೋಡೆಗೆ ಮಾಡಿ ಮಾತಾಡುವುದನ್ನು ಅಭ್ಯಾಸ ಮಾಡಿಕೊಂಡೆ. ಸ್ಟಾಫ್ ರೂಮಿನಲ್ಲಿ ಇಂಗ್ಲಿಷ್ ಪಾಠ ಹೇಳುವ ಗೆಳೆಯನೊಬ್ಬ ನನ್ನನ್ನು ಪಕ್ಕಕ್ಕೆ ಕರೆದು, ಹುಡುಗಿಯರ ಮನೆಯವರು ಯಾರಾದರೂ ತಪ್ಪು ತಿಳಿಯುವ ಮೊದಲು ಇದನ್ನು ಸರಿಯಾಗಿ ತೋರಿಸಿಕೋ ಎಂದ. ಅವನು ಒಳ್ಳೆಯದಕ್ಕೇ ಹೇಳಿದ್ದ. ನನಗೆ ಮಾತ್ರ ಆ ಮಧ್ಯಾಹ್ನ ಊಟ ಸೇರಲಿಲ್ಲ.

ಅವನು ಹೆದರಿದ್ದು ಆಗಿಯೇ ಹೋಯಿತು. ಆದರೆ ಕಾಲೇಜಿನಲ್ಲಲ್ಲ, ಗುಂಡ್ಲುಪೇಟೆಯ ತರಕಾರಿ ಸಂತೆಯಲ್ಲಿ. ಹೆಂಡತಿಯ ಜೊತೆ ಹೋಗಿದ್ದೆ. ಅವಳು ಆಚೆ ಟೊಮೆಟೊ ಆರಿಸುತ್ತಿದ್ದಳು. ನಾನು ಬೀನ್ಸ್ ಮಾರುತ್ತಿದ್ದ ಹೆಂಗಸಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಬೀನ್ಸ್ ಮುರಿದು ನೋಡಿ, ಕಾಲು ಕೆಜಿ ಹಾಕಮ್ಮ ಎಂದೆ. ಎನ್ನುವಾಗಲೇ ಕಣ್ಣು ಮುಚ್ಚಿಕೊಂಡಿತು. ಆಕೆ ತಕ್ಕಡಿ ಹಿಡಿದ ಕೈ ಹಾಗೇ ನಿಲ್ಲಿಸಿ ನನ್ನ ಮುಖ ನೋಡಿದಳು. ಗಾಬರಿಯಾದರೆ ಅದು ಇನ್ನೂ ಹೆಚ್ಚಾಗುತ್ತಿತ್ತು. ಮತ್ತೊಮ್ಮೆ ಕಣ್ಣು ಮುಚ್ಚಿತು, ತುಟಿ ಎಳೆದುಕೊಂಡಿತು.

"ಯಾಕಯ್ಯ, ಯಾರ್ಗಯ್ಯ ಕಣ್ ಹೊಡಿತಿದ್ದೀಯೆ? ತಲೆ ನೆರ್ತದೆ, ನಾಚ್ಕೆ ಆಗಕಿಲ್ವ?"

ದನಿ ದೊಡ್ಡದಾಗಿರಲಿಲ್ಲ, ಆದರೆ ಅಕ್ಕಪಕ್ಕದವರಿಗೆಲ್ಲ ಕೇಳಿಸಿತು. ಈರುಳ್ಳಿ ಮೂಟೆ ಇಳಿಸುತ್ತಿದ್ದ ಇಬ್ಬರು ಕೆಲಸ ನಿಲ್ಲಿಸಿ ತಿರುಗಿದರು. ಇಲ್ಲ ಎನ್ನಲು ಹೋದರೂ ಕಣ್ಣು ಹೌದು ಎನ್ನುತ್ತಿತ್ತು. ಅಷ್ಟರಲ್ಲಿ ಹೆಂಡತಿ ಚೀಲ ಹಿಡಿದು ಓಡಿಬಂದಳು. ಅವಳು ಜಗಳಕ್ಕೆ ನಿಲ್ಲಲಿಲ್ಲ. ಆ ಹೆಂಗಸಿನ ಪಕ್ಕದಲ್ಲೇ ಕೂತು, ಇವರು ನಮ್ಮ ಯಜಮಾನರು, ಕಣ್ಣಿನ ನರ ಎಳೆಯುತ್ತದೆ, ಅವರ ಕೈಯಲ್ಲಿಲ್ಲ, ಒಂದು ಗಳಿಗೆ ಹಾಗೇ ನೋಡುತ್ತಿರಿ, ನಿಮಗೇ ಗೊತ್ತಾಗುತ್ತದೆ ಎಂದಳು. ಆ ಹೆಂಗಸು ನೋಡಿದಳು. ನಾನು ನೆಲ ನೋಡುತ್ತ ಕೂತಿದ್ದೆ, ಕಣ್ಣು ತನ್ನಷ್ಟಕ್ಕೆ ತಾನು ಮುಚ್ಚಿ ತೆರೆಯುತ್ತಿತ್ತು. ನೋಡ ನೋಡುತ್ತ ಆಕೆಯ ಮುಖ ಮೆತ್ತಗಾಯಿತು. ತಕ್ಕಡಿ ಕೆಳಗಿಟ್ಟಳು.

"ತಪ್ ತಿಳ್ಕಬ್ಯಾಡಿ ಸ್ವಾಮಿ. ನಮ್ ಯಜಮಾನ್ರಿಗೂ ಮುಖದಿಂದ್ಲೇ ಸುರುವಾಗಿದ್ದು, ಆಮೇಲೆ ಕೈ ಕಾಲು ಬಿದ್ದೋದ್ವು. ತಡ ಮಾಡ್ಬ್ಯಾಡಿ, ಬ್ಯಾಗ ಓಗಿ ತೋರಿಸ್ಕಳಿ."

ಆಕೆ ತೂಕಕ್ಕಿಂತ ಒಂದು ಹಿಡಿ ಹೆಚ್ಚೇ ಬೀನ್ಸ್ ಹಾಕಿದಳು. ನಾವು ಮನೆಗೆ ಬಂದೆವು. ದಾರಿಯುದ್ದಕ್ಕೂ ನಾಚಿಕೆ ನನ್ನಿಂದ ಇಳಿದುಹೋಗಿ ಅದರ ಜಾಗಕ್ಕೆ ಭಯ ಬಂದು ಕೂರುತ್ತಿದ್ದುದು ನನಗೇ ತಿಳಿಯುತ್ತಿತ್ತು.

ಯಾಕೆಂದರೆ ನನ್ನ ಅಪ್ಪನಿಗೂ ಲಕ್ವ ಹೊಡೆದಿತ್ತು. ನಾನಾಗ ಡಿಗ್ರಿ ಓದುತ್ತಿದ್ದೆ. ಬೆಳಿಗ್ಗೆ ಕಾಳ್ಗಿಚ್ಚು ಹರಡದಂತೆ ಬೆಂಕಿ ರೇಖೆ ಸವರುವ ಕೆಲಸಕ್ಕೆಂದು ಕಾಡಿಗೆ ಹೋದವನನ್ನು ಇಲಾಖೆಯ ಜೀಪಿನಲ್ಲಿ ಮಲಗಿಸಿಕೊಂಡು ಬಂದಿದ್ದರು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಆನೆಯ ಹೆಜ್ಜೆ ನೋಡಿ ಅದು ಯಾವ ಕಡೆ ಹೋಯಿತು, ಎಷ್ಟು ಹೊತ್ತಾಯಿತು ಎಂದು ಗಂಟೆಗಟ್ಟಲೆ ಕತೆ ಹೇಳುತ್ತಿದ್ದ ಮನುಷ್ಯನಿಗೆ ಆಮೇಲೆ ಉಳಿದದ್ದು "ಬಾ" ಎಂಬ ಒಂದೇ ಮಾತು. ನೀರು ಬೇಕಿದ್ದರೂ ಬಾ, ಸಿಟ್ಟು ಬಂದರೂ ಬಾ. ಹಾಗೇ ಕೆಲವು ವರ್ಷ ಇದ್ದು ಹೋದ. ಮಾತಿನಿಂದಲೇ ಅನ್ನ ತಿನ್ನುವ ನನಗೆ ಇದಕ್ಕಿಂತ ಬೇರೆ ಹೆದರಿಕೆ ಬೇಕಿರಲಿಲ್ಲ. ರಾತ್ರಿ ಊಟ ಮಾಡುವಾಗ ಅವ್ವ ನನ್ನ ಮುಖ ನೋಡದೆ ತಟ್ಟೆ ನೋಡಿಕೊಂಡು ಮುದ್ದೆ ಬಡಿಸಿದಳು. ಹುಲ್ಲು ಅಂಟಿಸುವಾಗ ಅವಳ ಕೈ ಯಾಕೆ ನಡುಗಿತ್ತೆಂದು ಆಗ ಹೊಳೆಯಿತು.

ಚಾಮರಾಜನಗರದ ಒಂದು ನರ್ಸಿಂಗ್ ಹೋಮಿಗೆ ವಾರಕ್ಕೊಮ್ಮೆ ಮೈಸೂರಿನಿಂದ ನರರೋಗದ ಡಾಕ್ಟರೊಬ್ಬರು ಬರುತ್ತಾರೆ ಎಂದು ಇಂಗ್ಲಿಷ್ ಗೆಳೆಯನೇ ಪತ್ತೆ ಮಾಡಿ ಹೇಳಿದ. ಹೆಂಡತಿ ಅಂಗನವಾಡಿಗೆ ರಜೆ ಹಾಕಿ ಜೊತೆಗೆ ಬಂದಳು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಣ್ಣು ಬಿಗಿಯಾಗಿ ಮುಚ್ಚಿ ಎಂದರು, ಹಲ್ಲು ಕಿರಿಯಿರಿ ಎಂದರು, ಸಿಳ್ಳೆ ಹಾಕಿ ಎಂದರು. ಸಿಳ್ಳೆ ಹಾಕುವುದನ್ನು ನಾನು ಹುಡುಗನಾಗಿದ್ದಾಗಲೇ ಬಿಟ್ಟಿದ್ದೆ. ಬರೀ ಗಾಳಿ ಬಂತು. ಕೈ ಕಾಲುಗಳನ್ನು ಎತ್ತಿಸಿ, ಒತ್ತಿಸಿ ನೋಡಿದರು. ಆಮೇಲೆ ಸುಮ್ಮನೆ ಎದುರಿಗೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು. ಹಾಗೆ ಯಾರಾದರೂ ನೋಡಿದರೆ ನಾನು ಮುಖ ತಿರುಗಿಸುತ್ತಿದ್ದೆ. ಅವರ ಮುಂದೆ ತಿರುಗಿಸಲಿಲ್ಲ.

ಅವರು ಒಂದು ಉದ್ದನೆಯ ಹೆಸರು ಹೇಳಿದರು. ಅದರ ಮೊದಲ ಭಾಗ ನನ್ನ ಕಿವಿಗೆ ಬೀಳಲಿಲ್ಲ. ಕೊನೆಗೆ ಸ್ಪಾಸಂ ಎಂದದ್ದು ಮಾತ್ರ ಕೇಳಿಸಿತು. ಮುಖದ ಒಂದು ಕಡೆಯ ಸ್ನಾಯುಗಳಿಗೆ ಹೋಗುವ ನರಕ್ಕೆ ಏನೋ ತಾಗುತ್ತಿರಬೇಕು, ಅದು ಏನು ಎಂದು ನೋಡಲು ಸ್ಕ್ಯಾನ್ ಮಾಡಿಸಬೇಕು ಎಂದರು. ಆ 'ಏನೋ' ಎಂಬುದೇ ನನ್ನ ತಲೆ ತುಂಬಿಕೊಂಡಿತು. ಏನೋ ಎಂದರೆ ಗಡ್ಡೆ ಇರಬಹುದೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಹೆಂಡತಿ ಕೇಳಿದಳು. ನೂರಕ್ಕೆ ನೂರು ಅಲ್ಲ ಎಂದು ನಾನು ಈಗಲೇ ಹೇಳುವಂತಿಲ್ಲ, ಆದರೆ ಸಾಮಾನ್ಯವಾಗಿ ಹಾಗಿರುವುದಿಲ್ಲ ಎಂದರು ಡಾಕ್ಟರು. ಆ ಮಾತಿನ ಎರಡನೆಯ ಅರ್ಧವನ್ನು ಹೆಂಡತಿ ಹಿಡಿದುಕೊಂಡಳು, ಮೊದಲ ಅರ್ಧವನ್ನು ನಾನು.

ಮೈಸೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿ ಬಂದೆವು. ಡಾಕ್ಟರು ಮತ್ತೆ ಬರುವ ವಾರದ ತನಕ ಕಾಯಬೇಕು. ಆ ವಾರ ನನಗೆ ಸ್ಪಾಸಂ ಎಂಬುದು ಬರೀ ಒಂದು ಸದ್ದಾಗಿತ್ತು. ಬೇರೆ ಸಮಯದಲ್ಲಾಗಿದ್ದರೆ ಹೊಸ ಪದವೊಂದು ಕಿವಿಗೆ ಬಿದ್ದ ಕೂಡಲೇ ನಿಘಂಟಿನ ಕಡೆ ಕೈ ಹೋಗುವ ಸ್ವಭಾವ ನನ್ನದು. ಅದು ಎಲ್ಲಿಂದ ಬಂತು, ಅದರ ಅಪ್ಪ ಅವ್ವ ಯಾರು ಎಂದು ಕೆದಕದೆ ನಿದ್ದೆ ಬರುವುದಿಲ್ಲ. ಆದರೆ ಆ ವಾರ ಕೆದಕಲಿಲ್ಲ. ಮೊಬೈಲಿನಲ್ಲಿ ಎರಡು ಅಕ್ಷರ ಒತ್ತಿ, ಮುಂದೆ ಏನೇನು ಬರುತ್ತದೋ ಎಂದು ಹೆದರಿ ಅಳಿಸಿಬಿಟ್ಟೆ. ಸ್ಪಾಸಂ ಎನ್ನುವಾಗ ಕೊನೆಗೆ ತುಟಿ ಮುಚ್ಚುತ್ತದಲ್ಲ, ಬಾಗಿಲು ಹಾಕಿದ ಹಾಗೆ, ಅಷ್ಟೇ ಅದರ ಬಗ್ಗೆ ನಾನು ಯೋಚಿಸಿದ್ದು.

ಡಾಕ್ಟರು ಬರುವ ದಿನ ನರ್ಸಿಂಗ್ ಹೋಮಿನ ಬೆಂಚಿನಲ್ಲಿ ಕೂತಾಗ ನನ್ನ ಕೆನ್ನೆ ಒಂದೇ ಸಮ ಎಳೆದುಕೊಳ್ಳುತ್ತಿತ್ತು. ಹೆಂಡತಿ ನನ್ನ ಎಡಗಡೆಗೆ ಬಂದು ಕೂತು, ಬೇರೆಯವರಿಗೆ ಕಾಣದ ಹಾಗೆ ಮರೆ ಮಾಡಿದಳು. ಒಳಗೆ ಕರೆದಾಗ ಡಾಕ್ಟರು ಫಿಲ್ಮುಗಳನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ, ಮೊದಲು ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಟ್ಟರು.

"ಗಡ್ಡೆ ಇಲ್ಲ. ಪಾರ್ಶ್ವವಾಯು ಅಲ್ಲ. ಒಂದು ರಕ್ತನಾಳ ನರದ ಬುಡಕ್ಕೆ ತಾಗಿಕೊಂಡಿದೆ, ಅಷ್ಟೇ."

ನಾಳ ಒಂದೊಂದು ಸಲ ಮಿಡಿಯುವಾಗಲೂ ನರವನ್ನು ಕೆಣಕುತ್ತದೆ, ಕೆಣಕಿದಾಗ ನರ ಸ್ನಾಯುವನ್ನು ಎಳೆಯುತ್ತದೆ ಎಂದು ಬಿಳಿ ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಹೆಂಡತಿ, ಇವರ ತಂದೆಗೆ ಲಕ್ವ ಆಗಿತ್ತು, ಇದು ಮುಂದೆ ಹಾಗಾಗುತ್ತದೆಯೇ ಎಂದು ನೇರವಾಗಿ ಕೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿ ಉತ್ತರ ಹೇಳಿದರು. ಲಕ್ವದಲ್ಲಿ ಸ್ನಾಯುವಿಗೆ ಅಪ್ಪಣೆ ಬರುವುದೇ ನಿಂತುಹೋಗುತ್ತದೆ. ಇಲ್ಲಿ ಅಪ್ಪಣೆ ಬೇಡದಿದ್ದರೂ ಬರುತ್ತಿದೆ. ಇದು ಅದಕ್ಕೆ ತಿರುಗುವುದಿಲ್ಲ. ನಿಮ್ಮ ಮಾತು ಎಲ್ಲಿಗೂ ಹೋಗುವುದಿಲ್ಲ.

ಮಾತಿನ ವಿಷಯ ನಾನು ಅವರಿಗೆ ಹೇಳಿರಲಿಲ್ಲ. ಕನ್ನಡ ಮೇಷ್ಟರು ಎಂದು ಚೀಟಿ ಮಾಡಿಸುವಾಗ ಬರೆಸಿದ್ದೆವು. ಅದನ್ನು ನೋಡಿ ಊಹಿಸಿರಬೇಕು. ಥ್ಯಾಂಕ್ಸ್ ಮೇಡಂ ಎನ್ನಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ. ಕಣ್ಣಿನ ಸುತ್ತ, ಕೆನ್ನೆಗೆ ಸಣ್ಣ ಸಣ್ಣ ಇಂಜೆಕ್ಷನ್ ಕೊಡುತ್ತೇನೆ, ಕೆಲವು ತಿಂಗಳು ಸುಮ್ಮನಿರುತ್ತದೆ, ಮತ್ತೆ ಬಂದರೆ ಮತ್ತೆ ಕೊಡೋಣ ಎಂದರು. ಆ ಔಷಧಿ ಒಂದು ಬಗೆಯ ಸೂಕ್ಷ್ಮಾಣುವಿನ ವಿಷವನ್ನು ತೀರಾ ಚೂರೇ ಚೂರು ಅಳತೆಯಲ್ಲಿ ಬಳಸಿ ಮಾಡಿದ್ದಂತೆ. ಸಿನಿಮಾದವರು ಮುಖದ ಸುಕ್ಕು ಹೋಗಲೆಂದು ತೆಗೆದುಕೊಳ್ಳುವುದೂ ಅದೇ ಅಂತೆ. ಹಾಗಾದರೆ ಬಲಗಡೆಗೂ ಎರಡು ಕೊಟ್ಟುಬಿಡಿ ಎಂದು ಹೆಂಡತಿ ಅಂದಳು. ಡಾಕ್ಟರು ನಕ್ಕರು. ಅಷ್ಟು ದಿನದ ಮೇಲೆ ನಾನೂ ನಕ್ಕೆ. ನಗುವಿನ ಜೊತೆ ಕಣ್ಣೂ ಮುಚ್ಚಿಕೊಂಡಿತು. ಮುಚ್ಚಿಕೊಳ್ಳಲಿ ಎಂದು ಬಿಟ್ಟೆ.

ಇಂಜೆಕ್ಷನ್ ಹಾಕಿಸಿಕೊಂಡು ಹೊರಗೆ ಬಂದು ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದೆವು. ಬೆಳಿಗ್ಗೆಯಿಂದ ಇಬ್ಬರೂ ಏನೂ ತಿಂದಿರಲಿಲ್ಲ ಎಂಬುದು ದೋಸೆಯ ವಾಸನೆ ಬಂದ ಮೇಲೆಯೇ ನೆನಪಾದದ್ದು. ಇನ್ನೊಂದು ತರಿಸಿ ಹಂಚಿಕೊಂಡೆವು. ಹೆಂಡತಿ ಬಸ್ಸಿನಲ್ಲಿ ಕೂತ ಕೂಡಲೇ ನನ್ನ ಭುಜಕ್ಕೆ ಒರಗಿ ಗೊರಕೆ ಹೊಡೆಯತೊಡಗಿದಳು. ಅವಳು ಎಷ್ಟು ದಿನದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲವೋ ನಾನು ಕೇಳಿರಲೇ ಇಲ್ಲ. ತೆರಕಣಾಂಬಿ ದಾಟುವವರೆಗೂ ಅಲುಗಾಡದೆ ಕೂತಿದ್ದೆ.

ಅವ್ವ ಜಗಲಿಯ ಮೇಲೆ ಕಾಯುತ್ತ ಕೂತಿದ್ದಳು. ಲಕ್ವ ಅಲ್ಲವಂತೆ ಕಣವ್ವ ಎಂದೆ. ಅವಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಎಷ್ಟೋ ತಿಂಗಳ ಮೇಲೆ ಅವಳು ನನ್ನ ಎಡಗೆನ್ನೆಯನ್ನು ನೆಟ್ಟಗೆ ನೋಡಿದ್ದು.

"ನಿನ್ ಮೊಕ ನೋಡಕ್ಕೇ ದಿಗ್ಲಾಗದು ಕಣ್ ಮಗ. ಜೀಪ್ನಿಂದ ನಿಮ್ಮಪ್ಪನ್ನ ಇಳಿಸ್ದಾಗ್ಲೂ ಇದೇ ಕೆನ್ನೆ ಕಣ."

ಆಮೇಲೆ ಅವಳು ಅಪ್ಪನ ಆ ದಿನದ ಬಗ್ಗೆ ಮಾತಾಡಿದಳು. ನಾನು ಹಾಸ್ಟೆಲಿನಿಂದ ಬಂದು ಸೇರುವ ಮೊದಲು ಏನೇನಾಯಿತು, ಅಪ್ಪ ಅವಳ ಸೆರಗು ಹಿಡಿದುಕೊಂಡು ಬಿಡದೇ ಇದ್ದದ್ದು, ಜೀಪಿನ ಡ್ರೈವರು ಅಳುತ್ತ ನಿಂತದ್ದು, ಎಲ್ಲ. ಅದುವರೆಗೂ ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವಾಗ ಅಳಲಿಲ್ಲ. ಮುಗಿದ ಮೇಲೆ ಎದ್ದು ಒಳಗೆ ಹೋಗಿ, ನಿನಗೆ ಬಂದಿರುವುದರ ಹೆಸರೇನು, ದೇವರ ಮುಂದೆ ಹೇಳಿ ದೀಪ ಹಚ್ಚುತ್ತೇನೆ ಎಂದಳು. ಸ್ಪಾಸಂ ಎಂದೆ. ಅವಳ ನಾಲಿಗೆಗೆ ಅದು ಹೊರಳಲಿಲ್ಲ. ಸ್ಕೂಲನ್ನು ಇಸ್ಕೂಲು ಮಾಡುವ ಹಾಗೆ, ಅದನ್ನು ಇಸ್ಪಾಸ್ಮ ಎಂದಳು. ಇಸ್ಪಾಸ್ಮ ಹೋಗಲಪ್ಪ ಎಂದು ದೀಪ ಹಚ್ಚಿದಳು.

ಭಯ ಹೋದ ಮೇಲೆ ನನ್ನ ಹಳೆಯ ಸ್ವಭಾವ ವಾಪಸು ಬಂತು. ಇಂಜೆಕ್ಷನ್ ಆದ ಮಾರನೆಯ ದಿನ ಕಾಲೇಜಿನ ಲೈಬ್ರರಿಗೆ ಹೋಗಿ ದೊಡ್ಡ ಇಂಗ್ಲಿಷ್ ನಿಘಂಟನ್ನು ಮೇಜಿನ ಮೇಲೆ ಹಾಕಿಕೊಂಡು ಕೂತೆ. ಇಂಗ್ಲಿಷ್ ಗೆಳೆಯನೂ ಬಂದು ಪಕ್ಕದಲ್ಲಿ ಕೂತ. ಆ ಪದ ಇಂಗ್ಲಿಷಿನದೇ ಅಲ್ಲ. ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದದ್ದು, ಫ್ರೆಂಚಿಗೆ ಲ್ಯಾಟಿನ್ನಿನಿಂದ, ಲ್ಯಾಟಿನ್ನಿಗೆ ಗ್ರೀಕಿನಿಂದ. ಗ್ರೀಕಿನಲ್ಲಿ ಅದರ ಬುಡದಲ್ಲಿರುವ ಕ್ರಿಯಾಪದಕ್ಕೆ ಎಳೆ, ಸೆಳೆ ಎಂದು ಅರ್ಥ. ಒರೆಯಿಂದ ಕತ್ತಿ ಎಳೆಯುವುದಕ್ಕೂ ಅದೇ ಮಾತನ್ನು ಬಳಸುತ್ತಿದ್ದರಂತೆ. ಸ್ನಾಯು ಇದ್ದಕ್ಕಿದ್ದಂತೆ ಸೆಟೆದುಕೊಳ್ಳುವುದನ್ನು ನೋಡಿದ ಯಾರೋ ಹಳೆಯ ಗ್ರೀಕ್ ವೈದ್ಯನಿಗೆ, ಒಳಗಿನಿಂದ ಯಾರೋ ಎಳೆಯುತ್ತಿದ್ದಾರೆ ಎಂದು ಕಂಡಿರಬೇಕು. ಆಮೇಲೆ ಇಂಗ್ಲಿಷಿನಲ್ಲಿ ಅದು ಮೈಯಿಂದ ಮನಸ್ಸಿಗೂ ಹಬ್ಬಿತು. ತಡೆಯಲಾಗದೆ ಉಕ್ಕುವ ನಗುವಿಗೆ, ಒಮ್ಮೆಲೇ ಬಂದು ಹೋಗುವ ಸಿಟ್ಟಿಗೆ, ಬಿಟ್ಟು ಬಿಟ್ಟು ಮಾಡುವ ಕೆಲಸಕ್ಕೂ ಆ ಪದದ ಸಂಬಂಧಿಗಳನ್ನು ಬಳಸುತ್ತಾರೆ ಎಂದು ಗೆಳೆಯ ಉದಾಹರಣೆ ಕೊಟ್ಟ.

ಅಲ್ಲಿಗೆ ನಾನು ಕುರ್ಚಿಯಿಂದ ಎದ್ದು ಕನ್ನಡ ನಿಘಂಟನ್ನು ತಂದೆ. ನಮ್ಮ ವೈದ್ಯರು, ಪತ್ರಿಕೆಯವರು ಸ್ಪಾಸಂ ಎನ್ನುವುದಕ್ಕೆ ಬರೆಯುವುದು ಸೆಳೆತ ಎಂದು. ಸೆಳೆ ಎಂದರೂ ಎಳೆ ಎಂದೇ. ಯಾರೋ ಗ್ರೀಕಿನ ಅರ್ಥ ನೋಡಿಕೊಂಡು ಮಾಡಿದ ಪದವಿದು ಎನ್ನೋಣವೆಂದರೆ, ನೀರಿನ ಸೆಳೆತವೂ ಅದೇ ಸೆಳೆತ, ಮನಸ್ಸಿನ ಸೆಳೆತವೂ ಅದೇ. ಫಿಟ್ಸ್ ಬಂದವರನ್ನು ನೋಡಿ ಸೆಳವು ಎನ್ನುತ್ತಿದ್ದ ನಮ್ಮ ಹಿರಿಯರಿಗೆ ಗ್ರೀಕ್ ಗೊತ್ತಿರಲಿಲ್ಲ. ಕಂಡದ್ದು ಇಬ್ಬರಿಗೂ ಒಂದೇ. ಇನ್ನೊಂದು ಸಂಗತಿ ನೋಡಿ ಮಾತ್ರ ನಾನು ಲೈಬ್ರರಿಯಲ್ಲಿ ಜೋರಾಗಿ ನಕ್ಕುಬಿಟ್ಟೆ. ಸ್ಪೇನಿನವರು ಅದೇ ಗ್ರೀಕ್ ಪದವನ್ನು ಎಸ್ಪಾಸ್ಮೊ ಎನ್ನುತ್ತಾರೆ. ಮೊದಲಲ್ಲಿ ಸಕಾರಕ್ಕೆ ಇನ್ನೊಂದು ವ್ಯಂಜನ ಅಂಟಿಕೊಂಡರೆ ಅವರ ನಾಲಿಗೆಗೂ ಮುಂದೆ ಒಂದು ಸ್ವರದ ಊರುಗೋಲು ಬೇಕು. ಮದ್ದೂರಿನ ಕಾಡಂಚಿನ ನನ್ನ ಅವ್ವನಿಗೆ ಬೇಕಾದ ಹಾಗೇ.

ಒಂದು ವಾರದೊಳಗೆ ಮುಖ ಶಾಂತವಾಗತೊಡಗಿತು. ಮೊದಲು ಕೆನ್ನೆ, ಆಮೇಲೆ ರೆಪ್ಪೆ. ಎಡತುಟಿ ಸ್ವಲ್ಪ ದಿನ ಸೋತ ಹಾಗಿತ್ತು, ಕಾಫಿ ಕುಡಿದರೆ ಒಂದೆರಡು ಹನಿ ಅಂಗಿಯ ಮೇಲೆ ಬೀಳುತ್ತಿತ್ತು. ಡಾಕ್ಟರು ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ಒಂದು ಬೆಳಿಗ್ಗೆ ಕನ್ನಡಿಯ ಮುಂದೆ ಗಡ್ಡ ಹೆರೆಯುವಾಗ, ಎಡಗೆನ್ನೆಯ ಮೇಲೆ ಬ್ಲೇಡು ನಿಲ್ಲದೆ ಕಿವಿಯಿಂದ ಗಲ್ಲದವರೆಗೆ ಬಂತು. ಮಧ್ಯೆ ಮಧ್ಯೆ ಕೈ ತಡೆದು ಕಾಯುವ ಅಭ್ಯಾಸವಾಗಿಬಿಟ್ಟಿತ್ತಲ್ಲ, ಕೈ ತಾನೇ ನಿಂತಿತು. ಕೆನ್ನೆ ಮಾತ್ರ ಕದಲಲಿಲ್ಲ. ಹೆಂಡತಿಯನ್ನು ಕರೆದು ತೋರಿಸಿದೆ. ಸೋಪಿನ ನೊರೆಯ ನಡುವೆ ಏನೂ ಆಗದೆ ಇರುವ ಒಂದು ಕೆನ್ನೆಯನ್ನು ನಾವಿಬ್ಬರೂ ಸುಮ್ಮನೆ ನೋಡುತ್ತ ನಿಂತೆವು.

ಕಾಲೇಜಿನಲ್ಲಿ ಮಕ್ಕಳಿಗೆ ಹೇಳಿಬಿಡಬೇಕು ಎನ್ನಿಸಿತು. ಎಷ್ಟು ತಿಂಗಳು ಅವರು ತಲೆ ತಗ್ಗಿಸಿ, ನಗು ನುಂಗಿ ನನ್ನನ್ನು ಸಹಿಸಿಕೊಂಡಿದ್ದರು. ಬೋರ್ಡಿನ ಮೇಲೆ ಸ್ಪಾಸಂ ಎಂದು ಬರೆದು, ಬಹಳ ದಿನದ ಮೇಲೆ ಅವರ ಕಡೆಗೇ ನೇರವಾಗಿ ತಿರುಗಿ ನಿಂತು, ನನ್ನ ಕಣ್ಣಿಗೆ ಆಗಿದ್ದು ಇದು ಎಂದೆ. ಇದಕ್ಕೆ ನಿಮ್ಮ ಮನೆಯಲ್ಲಿ ಏನು ಹೇಳುತ್ತಾರೆ ಎಂದು ಕೇಳಿದೆ. ಒಬ್ಬೊಬ್ಬರಾಗಿ ಶುರು ಮಾಡಿದರು. ನರ ಹಿಡಿದುಕೊಂಡಿದೆ ಎನ್ನುತ್ತೇವೆ ಎಂದ ಒಬ್ಬ. ಬೆಳಗಿನ ಜಾವ ಕಾಲು ಸೆಟೆದುಕೊಂಡರೆ ನಮ್ಮಜ್ಜಿ ಮೀನಖಂಡ ಏರಿತು ಎನ್ನುತ್ತಾಳೆ ಎಂದಳು ಇನ್ನೊಬ್ಬಳು. ಕಾಲಿನಲ್ಲಿ ಮೀನು ಎಲ್ಲಿಂದ ಬಂತು ಎಂದು ಎಲ್ಲರೂ ನಕ್ಕರು. ನಾನು ಕಾಲು ಮಡಚಿ, ಕಾಲಿನ ಹಿಂಬದಿಯ ಸ್ನಾಯು ಮೀನಿನ ಆಕಾರದಲ್ಲಿರುವುದನ್ನು ಪ್ಯಾಂಟಿನ ಮೇಲೆಯೇ ತೋರಿಸಿದೆ. ಇಂಗ್ಲಿಷಿನಲ್ಲಿ ಸ್ನಾಯುವಿಗೆ ಹೇಳುವ ಮಸಲ್ ಎಂಬ ಪದಕ್ಕೆ ಲ್ಯಾಟಿನ್ನಿನಲ್ಲಿ ಪುಟ್ಟ ಇಲಿ ಎಂದು ಅರ್ಥ, ಅವರಿಗೆ ಚರ್ಮದಡಿ ಇಲಿ ಓಡಿದಂತೆ ಕಂಡಿತು, ನಮಗೆ ಮೀನು ಕಂಡಿತು ಎಂದು ಹೇಳಿದೆ.

ತಾಳವಾಡಿ ಕಡೆಯಿಂದ ಬರುವ ಹುಡುಗಿಯೊಬ್ಬಳಿದ್ದಳು. ಮನೆಯಲ್ಲಿ ತಮಿಳು, ಕಾಲೇಜಿನಲ್ಲಿ ಕನ್ನಡ. ತರಗತಿಯಲ್ಲಿ ಮಾತಾಡಿದರೆ ತಪ್ಪಾದೀತೆಂದು ವರ್ಷವಿಡೀ ಸುಮ್ಮನೇ ಕೂತಿದ್ದವಳು. ಅವಳು ಎದ್ದು ನಿಂತಳು.

"ಸಾ, ನಮ್ಮನೇಲಿ ಇಳುಪ್ಪು ಅಂತಾರೆ. ಇಳು ಅಂದ್ರೆ ಎಳಿ ಅಂತ ಸಾ."

ಕುಳಿತುಕೊಳ್ಳಮ್ಮ ಎನ್ನುವುದನ್ನು ಮರೆತು, ಇನ್ನೊಮ್ಮೆ ಹೇಳು ಎಂದೆ. ಅವಳು ಈ ಸಲ ಜೋರಾಗಿ ಹೇಳಿದಳು. ಬೋರ್ಡಿನ ಮೇಲೆ ಸ್ಪಾಸಂ, ಸೆಳೆತ, ಇಳುಪ್ಪು ಎಂದು ಒಂದರ ಕೆಳಗೆ ಒಂದು ಬರೆದೆ. ಆ ಗಂಟೆಯಲ್ಲಿ ಮಾಡಬೇಕಿದ್ದ ಪಾಠ ಹಾಗೇ ಉಳಿಯಿತು. ಬೆಲ್ಲು ಹೊಡೆದ ಮೇಲೂ ಆ ಹುಡುಗಿಯ ಸುತ್ತ ಮೂರು ನಾಲ್ಕು ಮಂದಿ ನಿಂತು, ತಲೆನೋವಿಗೆ ಏನಂತೀರಿ, ಸೊಂಟ ಹಿಡಿದುಕೊಂಡರೆ ಏನಂತೀರಿ ಎಂದು ಅವಳಿಂದ ತಮಿಳು ಕೇಳಿ ಕಲಿಯುತ್ತಿದ್ದರು. ಅವಳು ಟೀಚರಿನ ಗತ್ತಿನಲ್ಲಿ ತಿದ್ದುತ್ತಿದ್ದಳು.

ಇಂಜೆಕ್ಷನ್ನಿನ ಬಲ ಸದಾ ಉಳಿಯುವುದಿಲ್ಲ. ಅದನ್ನು ಡಾಕ್ಟರು ಮುಚ್ಚಿಟ್ಟಿರಲಿಲ್ಲ. ಮೊನ್ನೆ ಬಸ್ಸು ಇಳಿದು ಹೆದ್ದಾರಿಯ ಬದಿಯಲ್ಲಿ, ಕೇರಳದ ಕಡೆ ಹೊರಟ ತರಕಾರಿ ಲಾರಿಗಳ ಸಾಲನ್ನು ದಾಟುತ್ತ ಮನೆ ಕಡೆ ನಡೆಯುತ್ತಿದ್ದಾಗ ರೆಪ್ಪೆಯಲ್ಲಿ ಒಂದು ಸಣ್ಣ ಎಳೆತ ಬಂತು. ನಿಂತು ನೋಡಿದೆ. ಸ್ವಲ್ಪ ಹೊತ್ತಿಗೆ ಇನ್ನೊಂದು. ಎದೆ ಹೊಡೆದುಕೊಳ್ಳಲಿಲ್ಲ. ಮನೆಗೆ ಬಂದು ಕೈಕಾಲು ತೊಳೆದು ನರ್ಸಿಂಗ್ ಹೋಮಿಗೆ ಫೋನು ಮಾಡಿದೆ. ಮುಂದಿನ ವಾರ ಬನ್ನಿ ಎಂದರು. ಹೆಂಡತಿಗೆ ಹೇಳಿದರೆ ಅವಳು ರಜೆ ಹಾಕುವ ಮಾತೇ ಎತ್ತಲಿಲ್ಲ. ಹೇಗೂ ಚಾಮರಾಜನಗರದ ಪೇಟೆಯೊಳಗೆ ಹೋಗುತ್ತೀರಲ್ಲ, ಬರುವಾಗ ನನ್ನ ಅಂಗನವಾಡಿ ಮಕ್ಕಳಿಗೆ ಬಣ್ಣದ ಪೆನ್ಸಿಲ್ ತನ್ನಿ, ಇಲ್ಲಿ ಸಿಗುವವು ಬರೀ ಮುರಿಯುತ್ತವೆ ಎಂದಳು.